ಕಾಗದದ ತೂಕವೂ ಕಣ್ಣಿನ ಸುಖವೂ

ಮೊನ್ನೆ ನೆರೆಮನೆಯ ಅಜ್ಜಿ ಒಂದು ಸ್ಮರಣ ಸಂಚಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ಇದೇನೋ ತಮ್ಮಾ, ಅಕ್ಷರದ ಹಿಂದ ನೆರಳು ಬಿದ್ದದಲ್ಲ!" ಎಂದರು. ನೋಡಿದರೆ ಅದು ನೆರಳಲ್ಲ; ಹಿಂಬದಿಯ ಮುದ್ರಣವೇ ಈಚೆಗೆ ಇಣುಕುತ್ತಿತ್ತು. ಅಜ್ಜಿ ಎರಡು ಪುಟ ಓದಿ ಮಡಚಿಟ್ಟರು.

ಕನ್ನಡಕ್ಕೆ ಈ ಬಾಧೆ ತುಸು ಹೆಚ್ಚೆಂದೇ ಹೇಳಬೇಕು. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಹಿಂಬದಿಯ ಅಕ್ಷರ ಈ ಬದಿಯ ಸಾಲುಗಳ ನಡುವೆ ಮೂಡಿದರೆ, ಶಾಲೆಯಲ್ಲಿ ಮರಾಠಿ ಕಲಿತು ಮನೆಯಲ್ಲಿ ಕನ್ನಡ ಕೂಡಿಸಿ ಓದುವ ಮಗು ಯಾವುದು ಒತ್ತು, ಯಾವುದು ನೆರಳು ಎಂದು ತಬ್ಬಿಬ್ಬಾಗುತ್ತದೆ.

ಹಾಗಾದರೆ ದಪ್ಪ ಕಾಗದ ಕೊಂಡರಾಯಿತೇ? ಅವಸರ ಬೇಡ. ಅಪ್ಪಾ ಬಳವಂತ ಚೌಕದ ಅಂಗಡಿಗಳಲ್ಲಿ ಕಾಗದವನ್ನು ಜಿಎಸ್‌ಎಮ್ ಲೆಕ್ಕದಲ್ಲಿ ಕೇಳಬೇಕು. ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುವುದೆಂಬುದೇ ಅದರ ಅರ್ಥ. ಅದು ತೂಕದ ಮಾತು. ದಪ್ಪವನ್ನು ಅಳೆಯುವುದು ಮೈಕ್ರಾನಿನಲ್ಲಿ. ಒಂದೇ ತೂಕದ ಎರಡು ಕಾಗದಗಳಲ್ಲಿ, ಉರುಳೆಗಳ ನಡುವೆ ಚೆನ್ನಾಗಿ ಒತ್ತಿ ನಯಮಾಡಿದ್ದು ತೆಳುವಾಗುತ್ತದೆ. ಅಷ್ಟಾಗಿ ಒತ್ತದ್ದು ಉಬ್ಬಿಕೊಂಡಿರುತ್ತದೆ. ನಮ್ಮ ಶಿವಾಜಿನಗರದಲ್ಲಿ 1940ರಲ್ಲಿ ಆರಂಭವಾದ ಕೈಕಾಗದ ಸಂಸ್ಥೆಯ ಹಾಳೆ ಮುಟ್ಟಿದವರಿಗೆ ಈ ಉಬ್ಬು ಗೊತ್ತು. ಹೊಳೆಯುವ ಆರ್ಟ್ ಕಾಗದಕ್ಕೆ ಬಿಳಿ ಮಣ್ಣಿನ ಲೇಪವಿರುವುದರಿಂದ ತೂಕ ಹೆಚ್ಚು, ದಪ್ಪ ಕಡಿಮೆ. ಛಾಯಾಚಿತ್ರಕ್ಕೆ ಅದು ಸೊಗಸು. ಆದರೆ ದೀಪದ ಕೆಳಗೆ ಓದುವ ವೃದ್ಧರ ಕಣ್ಣಿಗೆ ಚುಚ್ಚುತ್ತದೆ.

ಈಗ ಖರ್ಚಿನ ಮಾತು. ಎ4 ಹಾಳೆಯ ಅರ್ಧದಷ್ಟು ಗಾತ್ರದ 64 ಪುಟಗಳ ಸಂಚಿಕೆಗೆ 16 ಎ4 ಹಾಳೆ ಬೇಕು. ಆ 16 ಹಾಳೆ ಸೇರಿದರೆ ಸರಿಯಾಗಿ ಒಂದು ಚದರ ಮೀಟರ್! ಎಂದರೆ 70 ಜಿಎಸ್‌ಎಮ್ ಆದರೆ ಒಳಪುಟಗಳ ತೂಕ 70 ಗ್ರಾಂ, 80 ಆದರೆ 80 ಗ್ರಾಂ. 500 ಪ್ರತಿಗಳಿಗೆ ಹೆಚ್ಚುವುದು 5 ಕಿಲೋ ಕಾಗದ. ಅಂಚೆಯಲ್ಲಿ ಕಳಿಸುವ ಪ್ರತಿಗಳನ್ನು ರಕ್ಷಾಪುಟ, ಲಕೋಟೆ ಸಮೇತ ಮೊದಲೇ ತೂಗಿ ನೋಡುವುದು ಜಾಣತನ.

ಕೊಳ್ಳುವ ಮುನ್ನ ಸುಲಭದ ಪರೀಕ್ಷೆಯೊಂದುಂಟು. ಮಾದರಿ ಹಾಳೆಯನ್ನು ಅಚ್ಚಾದ ಪುಟದ ಮೇಲೆ ಹಾಸಿರಿ. ಕೆಳಗಿನ ಸಾಲು ಓದಲು ಬಂದರೆ ಆ ಹಾಳೆ ಬೇಡ. ಅದೇ ತೂಕದಲ್ಲಿ ಹೊಳಪಿಲ್ಲದ, ಕೊಂಚ ಉಬ್ಬಿದ ಕಾಗದ ಕೇಳಿರಿ. ಆಗಲೂ ಇಣುಕಿದರೆ ಮಾತ್ರ ತೂಕ ಏರಿಸಿರಿ.

ಸಂಘದ ಜಮಾಖರ್ಚಿನಲ್ಲಿ ಎಲ್ಲಿ ಬೇಕಾದರೂ ಕೈ ಹಿಡಿಯೋಣ. ಪ್ರತಿಯೊಂದಕ್ಕೆ ಆ ಹತ್ತು ಗ್ರಾಂ ಮಾತ್ರ ಅಜ್ಜಿಯ ಮತ್ತು ಮಗುವಿನ ಪಾಲಿಗೆ ಇರಲಿ.