ಯುವ ಅಂಗಳ: ಇಪ್ಪತ್ತೈದು ತುಂಬಿತೇ? ಅಪ್ಪನ ಕಾರ್ಡು ನೋಡಿ!



ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಬೆಳೆದ ನಮ್ಮ ಕನ್ನಡದ ಮಕ್ಕಳಿಗೆ ಅ, ಆ, ಇ, ಈ ಕಲಿಯುವ ಮೊದಲೇ ಸಿ.ಜಿ.ಎಚ್.ಎಸ್. ಎಂಬ ನಾಲ್ಕಕ್ಷರ ಪರಿಚಯ. ಜ್ವರ ಬಂದರೆ ಅಪ್ಪನ ಕಾರ್ಡು ಹಿಡಿದು ಡಿಸ್ಪೆನ್ಸರಿಗೆ ಹೋಗುವುದು, ಮಾತ್ರೆ ತರುವುದು, ಕಾಯಿಲೆ ದೊಡ್ಡದಾದರೆ ರೆಫರಲ್ ಚೀಟಿ ಬರೆಸುವುದು. 1954ರಲ್ಲಿ ಇದೇ ದೆಹಲಿಯಲ್ಲಿ ಆರಂಭವಾದ ಈ ಯೋಜನೆಯ ನೆರಳು ಒಂದು ದಿನ ನಿಮ್ಮ ತಲೆಯ ಮೇಲಿಂದ ಸರಿಯುತ್ತದೆ ಎಂಬುದು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ನಮಗೂ ಗೊತ್ತಿರಲಿಲ್ಲ. ನಮ್ಮ ಮಗನಿಗೆ 25 ತುಂಬಿ ಎರಡು ತಿಂಗಳಾಗಿತ್ತು. ಇನ್ನೂ ನೌಕರಿಯಿಲ್ಲ, ಪರೀಕ್ಷೆಗೆ ಓದುತ್ತಿದ್ದ. ಒಂದು ರಾತ್ರಿ ತಡೆಯಲಾರದ ಹೊಟ್ಟೆನೋವು. ಅಪೆಂಡಿಕ್ಸ್, ತಕ್ಷಣ ಆಪರೇಷನ್ ಆಗಬೇಕು ಎಂದರು ಡಾಕ್ಟರು. ಆಸ್ಪತ್ರೆಯ ಕೌಂಟರಿನಲ್ಲಿ ಕಾರ್ಡು ಕೊಟ್ಟರೆ, "ಅಂಕಲ್‌ಜೀ, ಇದರ ಅವಧಿ ಮುಗಿದಿದೆ" ಎಂದರು. ತಪ್ಪು ಅವರದಲ್ಲ, ದಿನಾಂಕ ಕಾರ್ಡಿನ ಮೇಲೇ ಇತ್ತು, ನೋಡದವರು ನಾವು. ಊರಿನ ಮನೆಯ ಸೂರು ರಿಪೇರಿಗೆಂದು ಕೂಡಿಟ್ಟಿದ್ದ ಹಣ ಅಲ್ಲಿ ಕರಗಿತು. ಮಗ ಹುಷಾರಾದ, ಅದು ದೊಡ್ಡದು. ಆದರೆ "ಅಪ್ಪಾ, ನಾನಿನ್ನೂ ನಿಮ್ಮ ಅನ್ನವನ್ನೇ ತಿನ್ನುತ್ತಿದ್ದೀನಲ್ಲ?" ಎಂದು ಅವನು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ನಿಯಮ ಹೀಗಿದೆ. ಮಗನಾದರೆ 25 ತುಂಬುವವರೆಗೆ, ಸಂಪಾದನೆ ಶುರುವಾಗುವವರೆಗೆ ಅಥವಾ ಮದುವೆಯಾಗುವವರೆಗೆ, ಯಾವುದು ಮೊದಲೋ ಅಲ್ಲಿಗೆ ಕೊನೆ. ಮಗಳಿಗೆ ವಯಸ್ಸಿನ ಮಿತಿಯಿಲ್ಲ. ಸಂಪಾದನೆ ಅಥವಾ ಮದುವೆ ಆಗುವವರೆಗೂ ಇರುತ್ತದೆ. ಗಂಡನನ್ನು ಕಳೆದುಕೊಂಡು ಅಥವಾ ವಿಚ್ಛೇದನ ಪಡೆದು ತವರಿನ ಆಶ್ರಯದಲ್ಲಿರುವ ಮಗಳಿಗೂ ಉಂಟು. ಶಾಶ್ವತ ಅಂಗವೈಕಲ್ಯವಿರುವ ಅವಲಂಬಿತ ಮಗನಿಗೂ ವಯಸ್ಸು ಅಡ್ಡಿಯಲ್ಲ. ಅಮೆರಿಕದಲ್ಲಿರುವ ನಿಮ್ಮ ಚಿಕ್ಕಪ್ಪನ ಮಕ್ಕಳಿಗಾದರೆ 2010ರ ಕಾನೂನಿನಂತೆ, ಮದುವೆಯಾಗಿದ್ದರೂ ತಂದೆತಾಯಿಯ ವಿಮೆಯಲ್ಲಿ 26 ತುಂಬುವವರೆಗೆ ಇರಬಹುದು. ನಮಗೆ ಆ ಸೌಲಭ್ಯವಿಲ್ಲ.

ಹಾಗಾದರೆ ಏನು ಮಾಡಬೇಕು? 24 ತುಂಬಿದಾಗಲೇ ನಿಮ್ಮದೇ ಹೆಸರಿನಲ್ಲಿ ಆರೋಗ್ಯ ವಿಮೆ ಮಾಡಿಸಿ. ಕಾರಣವಿದೆ. ಹೊಸ ಪಾಲಿಸಿಯಲ್ಲಿ ಸಾಮಾನ್ಯವಾಗಿ ಮೊದಲ 30 ದಿನ ಅಪಘಾತ ಬಿಟ್ಟು ಬೇರೆ ಕಾಯಿಲೆಗೆ ಹಣ ಸಿಗುವುದಿಲ್ಲ. ಮೊದಲೇ ಇರುವ ಆಸ್ತಮಾ, ಸಕ್ಕರೆ ಕಾಯಿಲೆಗಳಿಗೆ ಮೂರು ವರ್ಷದವರೆಗೂ ಕಾಯಿಸಬಹುದು. 2024ಕ್ಕೆ ಮುಂಚೆ ಅದು ನಾಲ್ಕು ವರ್ಷವಿತ್ತು. ಸಿ.ಜಿ.ಎಚ್.ಎಸ್. ವಿಮೆ ಕಂಪನಿಯ ಪಾಲಿಸಿಯಲ್ಲವಾದ್ದರಿಂದ, ಅದರಲ್ಲಿ ಕಳೆದ ವರ್ಷಗಳು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಅಪ್ಪ ಅಮ್ಮ ಖಾಸಗಿ ಕಂಪನಿಯ ಕುಟುಂಬ ಪಾಲಿಸಿ ಮಾಡಿಸಿದ್ದರೆ ಮಾತು ಬೇರೆ: ವಯಸ್ಸು ಮೀರಿದಾಗ ಅದೇ ಕಂಪನಿಯಲ್ಲಿ ಸ್ವಂತ ಪಾಲಿಸಿಗೆ ಬದಲಾಯಿಸಿಕೊಂಡರೆ ಕಾದ ಅವಧಿ ವ್ಯರ್ಥವಾಗದು.

ಚಿಕ್ಕ ವಯಸ್ಸಿನಲ್ಲಿ ಕಂತೂ ಕಡಿಮೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಶೇಕಡಾ 18ರ ಜಿ.ಎಸ್.ಟಿ.ಯೂ ಹೋಗಿದೆ. ಅರ್ಜಿಯಲ್ಲಿ ಮಾತ್ರ ಯಾವ ಕಾಯಿಲೆಯನ್ನೂ ಮುಚ್ಚಿಡಬೇಡಿ. ಗುರ್‌ಗಾಂವ್, ನೋಯ್ಡಾದ ಕಂಪನಿಗಳಲ್ಲಿ ಕೆಲಸಕ್ಕೆ ಸೇರಿದವರು "ಆಫೀಸಿನ ವಿಮೆ ಇದೆಯಲ್ಲ" ಎನ್ನಬಹುದು. ಕೆಲಸ ಬಿಟ್ಟರೆ ಅದೂ ಹೋಗುತ್ತದೆ!

ಎದುರಿಗೇ ಏಮ್ಸ್, ಸಫ್ದರ್‌ಜಂಗ್ ಇವೆ, ನಿಜ. ಅಲ್ಲಿನ ಸರತಿ ಸಾಲನ್ನು ಕಂಡವರಿಗೆ ಹೆಚ್ಚು ಹೇಳಬೇಕಿಲ್ಲ. ಬೆಂಕಿ ಬಿದ್ದಾಗ ಬಾವಿ ತೋಡುವುದು ಬೇಡ. ಇಂದು ಸಂಜೆಯೇ ಅಪ್ಪನ ಬೀರುವಿನಿಂದ ಆ ಕಾರ್ಡು ತೆಗೆಸಿ, ನಿಮ್ಮ ಹೆಸರಿನ ಮುಂದಿರುವ ದಿನಾಂಕ ಓದಿ.