ಪ್ರಿಂಟರ್ ಇಲ್ಲದ ರೂಮಿನಲ್ಲಿ ಪ್ರಿಂಟರ್ ಸರ್ವಿಸ್ ಯಾಕೆ?

ನಮ್ಮ ಹಾಸ್ಟೆಲ್ ರೂಮಿನಲ್ಲಿ ಮೂರು ಲ್ಯಾಪ್‌ಟಾಪ್‌ಗಳಿವೆ, ಮೂರರಲ್ಲೂ ಉಬುಂಟು. ಪ್ರಿಂಟರ್ ಮಾತ್ರ ಒಂದೂ ಇಲ್ಲ. ಲ್ಯಾಬ್ ರೆಕಾರ್ಡ್ ಪ್ರಿಂಟ್ ಬೇಕಂದ್ರೆ ಪೆನ್‌ಡ್ರೈವ್ ಹಿಡ್ಕೊಂಡು ಗೇಟ್ ಎದುರಿನ ಜೆರಾಕ್ಸ್ ಅಂಗಡಿಗೆ ಓಡೋದೇ. ಆದ್ರೂ ಮಷೀನ್ ಆನ್ ಮಾಡಿದ ಕೂಡಲೇ ಪ್ರಿಂಟಿಂಗ್ ನೋಡಿಕೊಳ್ಳುವ ಕಪ್ಸ್ ಸರ್ವಿಸ್ ಎದ್ದು ಕೂತಿರುತ್ತದೆ.

ಕೂತಿರ್ಲಿ ಬಿಡಿ, ಸ್ವಲ್ಪ ರ್‍ಯಾಮ್ ತಾನೇ ಅಂತ ನಾವೂ ಅಂದ್ಕೊಂಡಿದ್ವಿ. 2024ರ ಸೆಪ್ಟೆಂಬರ್‌ನಲ್ಲಿ ಆ ಮಾತು ನುಂಗಬೇಕಾಯ್ತು. ನೆಟ್‌ವರ್ಕ್‌ನಲ್ಲಿ ಪ್ರಿಂಟರ್ ಹುಡುಕುವ ಕಪ್ಸ್-ಬ್ರೌಸ್ಡ್ ಎಂಬ ಜೊತೆಗಾರ ಸರ್ವಿಸ್, ಯುಡಿಪಿ 631ನೇ ಪೋರ್ಟ್ ತೆರೆದಿಟ್ಟುಕೊಂಡು ಯಾರು ಪ್ಯಾಕೆಟ್ ಕಳಿಸಿದರೂ ನಂಬುತ್ತಿತ್ತು ಅನ್ನೋದು ಬಯಲಾಯಿತು. ಹೊರಗಿನವನೊಬ್ಬ ಸುಳ್ಳು ಪ್ರಿಂಟರ್ ಸೇರಿಸಬಹುದಿತ್ತು. ಅದಕ್ಕೆ ನಾವು ಪ್ರಿಂಟ್ ಕೊಟ್ಟರೆ, ಕಪ್ಸ್‌ನ ಇನ್ನಷ್ಟು ದೋಷಗಳ ಸಹಾಯದಿಂದ ಅವನ ಕಮಾಂಡ್ ನಮ್ಮ ಮಷೀನಿನಲ್ಲಿ ಓಡುತ್ತಿತ್ತು. ಪ್ಯಾಚ್ ಬಂತು, ಸರಿ. ಪ್ರಿಂಟನ್ನೇ ಕೊಡದ ನಮಗೆ ಬಹುಶಃ ಏನೂ ಆಗ್ತಿರಲಿಲ್ಲ, ಅದೂ ಸರಿ. ಆದ್ರೆ ಇಡೀ ಹಾಸ್ಟೆಲ್ ಒಂದೇ ವೈಫೈನಲ್ಲಿರುವಾಗ, ನಾವು ಓಡಾಡದ ಬಾಗಿಲಿಗೆ ಚಿಲಕ ಹಾಕದೆ ಯಾಕೆ ಬಿಡಬೇಕು?

ಹಾಗಂತ ‘ಈ ಇಪ್ಪತ್ತು ಸರ್ವಿಸ್ ಆಫ್ ಮಾಡಿ, ಲಿನಕ್ಸ್ ರಾಕೆಟ್ ಆಗುತ್ತೆ’ ಅನ್ನೋ ವಿಡಿಯೋಗಳನ್ನು ನಾವು ಒಪ್ಪಲ್ಲ. ನಮ್ಮಲ್ಲೊಬ್ಬ ಇಂಥ ಪಟ್ಟಿಯೊಂದನ್ನು ಹಾಗೇ ಪೇಸ್ಟ್ ಮಾಡಿ, ನೆಟ್‌ವರ್ಕ್‌ಮ್ಯಾನೇಜರನ್ನೇ ಡಿಸೇಬಲ್ ಮಾಡಿ ರೀಬೂಟ್ ಕೊಟ್ಟ. ವೈಫೈ ಐಕಾನೇ ಮಾಯ! ಮಾರನೇ ದಿನ ಇಂಟರ್ನಲ್ಸ್ ಬೇರೆ. ಪರಿಹಾರ ಹುಡುಕೋಣ ಅಂದ್ರೆ ಲ್ಯಾಪ್‌ಟಾಪ್‌ನಲ್ಲಿ ನೆಟ್ ಇಲ್ಲ. ಕೊನೆಗೆ ಮೊಬೈಲ್‌ನಲ್ಲಿ ನೋಡಿ ಒಂದೊಂದೇ ಅಕ್ಷರ ಟೈಪ್ ಮಾಡಿದ್ವಿ.

ಬೂಟ್ ನಿಧಾನ ಅಂತ ‘ಸಿಸ್ಟಮ್‌ಡಿ-ಅನಲೈಜ್ ಬ್ಲೇಮ್’ ಕೊಟ್ಟು ಮೇಲಿದ್ದದ್ದನ್ನೆಲ್ಲ ಹೊಡೆದುಹಾಕೋದೂ ಇದೇ ಥರದ ಆತುರ. ಸರ್ವಿಸ್‌ಗಳು ಒಟ್ಟೊಟ್ಟಿಗೆ ಶುರುವಾಗುವುದರಿಂದ, ಹೆಚ್ಚು ಸಮಯ ತಗೊಂಡದ್ದೇ ಬೂಟನ್ನು ತಡೆದಿದೆ ಅಂತೇನಿಲ್ಲ. ಯಾರು ಯಾರಿಗಾಗಿ ಕಾಯ್ತಿದ್ದಾರೆ ಅನ್ನೋದನ್ನು ‘ಕ್ರಿಟಿಕಲ್-ಚೈನ್’ನಲ್ಲಿ ನೋಡಬೇಕು.

ಇನ್ನೊಂದು ಎಡವಟ್ಟು ನಾವೇ ಮಾಡಿದ್ದು. ‘ಸ್ಟಾಪ್’ ಅಂದ್ರೆ ಈಗ ಮಾತ್ರ ನಿಲ್ಲುತ್ತೆ, ‘ಡಿಸೇಬಲ್’ ಅಂದ್ರೆ ಮುಂದಿನ ಬೂಟ್‌ನಲ್ಲಿ ತಾನಾಗಿ ಏಳಲ್ಲ. ಎರಡನ್ನೂ ಕಪ್ಸ್ ಸರ್ವಿಸ್‌ಗೆ ಮಾಡಿ ಹಾಯಾಗಿದ್ವಿ. ಪಿಡಿಎಫ್ ಒಂದರಲ್ಲಿ ಪ್ರಿಂಟ್ ಡಯಲಾಗ್ ತೆರೆದದ್ದೇ ತಡ, ಮಹಾರಾಯ ಮತ್ತೆ ಹಾಜರ್! ಸರ್ವಿಸ್ ನಿಂತರೂ ಕಪ್ಸ್ ಸಾಕೆಟ್ ಕಾವಲಿಗಿತ್ತು. ಕರೆ ಬಂದರೆ ಅದೇ ಹೋಗಿ ಎಬ್ಬಿಸುತ್ತದೆ. ಸಾಕೆಟ್ಟನ್ನೂ ಡಿಸೇಬಲ್ ಮಾಡಬೇಕು, ಇಲ್ಲಾಂದ್ರೆ ಯಾರು ಕರೆದರೂ ಏಳದಂತೆ ಸರ್ವಿಸನ್ನು ‘ಮಾಸ್ಕ್’ ಮಾಡಬೇಕು.

ಈಗ ನಾವು ಮೊದಲು ‘ಎಸ್‌ಎಸ್’ ಕಮಾಂಡ್ ಕೊಟ್ಟು ಯಾವ ಪೋರ್ಟ್‌ನಲ್ಲಿ ಯಾರು ಕಿವಿಗೊಟ್ಟು ಕೂತಿದ್ದಾರೆ ನೋಡ್ತೀವಿ, ‘ಸ್ಟೇಟಸ್’ ಓದ್ತೀವಿ, ಒಂದು ಸಲಕ್ಕೆ ಒಂದೇ ಸರ್ವಿಸ್ ನಿಲ್ಲಿಸಿ ಎರಡು ದಿನ ಕಾಯ್ತೀವಿ. ಕಪ್ಸ್ ಹೋಯಿತು, ಡಾಂಗಲ್ ಯಾರ ಬಳಿಯೂ ಇಲ್ಲದ್ದರಿಂದ ಮೋಡೆಮ್‌ಮ್ಯಾನೇಜರ್ ಹೋಯಿತು. ಬ್ಲೂಟೂತ್ ಬಗ್ಗೆ ಮಾತ್ರ ರೂಮಿನಲ್ಲಿ ಇನ್ನೂ ಜಗಳ ಇದೆ. ಇಯರ್‌ಬಡ್ಸ್ ಇರೋನು ಬಿಡ್ತಿಲ್ಲ.