ಕೀಬೋರ್ಡ್ ಮಾರಿದರೆ ಸಾಲದು, ದುರಸ್ತಿಯ ಲೆಕ್ಕವೂ ಬೇಕು

1980ರಲ್ಲಿ ಕ್ಯಾಸಿಯೊಟೋನ್ 201, 1983ರಲ್ಲಿ ಯಮಹಾ ಡಿಎಕ್ಸ್ 7 ಮಾರುಕಟ್ಟೆಗೆ ಬಂದವು. ಅಲ್ಲಿಂದೀಚೆಗೆ ಎಲೆಕ್ಟ್ರಾನಿಕ್ ಕೀಬೋರ್ಡ್ ಸಂಗೀತ ಶಾಲೆ, ಚರ್ಚು, ವಾದ್ಯಗೋಷ್ಠಿ, ಮದುವೆ ಮಂಟಪಗಳಲ್ಲೆಲ್ಲ ನೆಲೆಯೂರಿದೆ. ಆದರೆ ಮಾರಾಟವಾದ ವಾದ್ಯ ಕೆಟ್ಟು ನಿಂತಾಗ ಅದನ್ನು ಯಾರ ಬಳಿಗೆ ಒಯ್ಯಬೇಕೆಂಬ ಪ್ರಶ್ನೆಗೆ ನಮ್ಮ ಅನೇಕ ಪಟ್ಟಣಗಳಲ್ಲಿ ಸಮರ್ಪಕ ಉತ್ತರವಿಲ್ಲ. ವ್ಯಾಪಾರಿಯು ದುರಸ್ತಿಯನ್ನು ಗ್ರಾಹಕನಿಗೆ ಮಾಡುವ ಉಪಕಾರವೆಂದು ಭಾವಿಸುತ್ತಾನೆ. ದುರಸ್ತಿಗಾರನು ಬಿಲ್ಲಿಲ್ಲದೆ ಕೈಗೆ ಬಂದಷ್ಟು ಪಡೆಯುತ್ತಾನೆ. ಇದು ಉಪಕಾರವಲ್ಲ, ಲೆಕ್ಕಪತ್ರವಿಟ್ಟು ನಡೆಸಬೇಕಾದ ವ್ಯವಹಾರ ಎಂಬುದೇ ಈ ಲೇಖನದ ಪ್ರತಿಪಾದನೆ.

ಕೆಡುವುದು ಅಲ್ಪ, ಎಸೆಯುವುದು ಅಪಾರ

ಈ ವಾದ್ಯಗಳ ದೋಷಗಳಲ್ಲಿ ಹೆಚ್ಚಿನವು ಸಣ್ಣವು. ಪ್ರತಿ ಕೀಯ ಕೆಳಗೆ ಸಿಲಿಕಾನ್ ರಬ್ಬರಿನ ಗುಬ್ಬಿಗಳೂ ಅವುಗಳ ತಳದಲ್ಲಿ ಇಂಗಾಲದ ಬಿಲ್ಲೆಗಳೂ ಇರುತ್ತವೆ. ಒತ್ತಿದಾಗ ಎರಡು ಸಂಪರ್ಕಗಳು ಒಂದಾದ ಮೇಲೊಂದು ಮುಚ್ಚುತ್ತವೆ. ಅವುಗಳ ನಡುವಿನ ಕ್ಷಣಮಾತ್ರದ ಅಂತರವನ್ನು ಅಳೆದು ಯಂತ್ರವು ಸ್ವರದ ಬಲವನ್ನು ನಿರ್ಧರಿಸುತ್ತದೆ. ಧೂಳು ಅಥವಾ ತೇವ ಸೇರಿದರೆ ಸ್ವರ ಬಾರದೆ ಹೋಗುತ್ತದೆ, ಇಲ್ಲವೇ ಮೆಲ್ಲಗೆ ಒತ್ತಿದರೂ ಅಬ್ಬರಿಸುತ್ತದೆ. ಬಹುತೇಕ ಸಂದರ್ಭಗಳಲ್ಲಿ ವಾದ್ಯವನ್ನು ಬಿಚ್ಚಿ, ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿದರೆ ದೋಷ ನಿವಾರಣೆಯಾಗುತ್ತದೆ. ಸವೆದಿದ್ದರೆ ರಬ್ಬರಿನ ಪಟ್ಟಿಯನ್ನಷ್ಟೇ ಬದಲಿಸಿದರೆ ಸಾಕು. ಕರಾವಳಿಯ ತೇವದ ಹವೆಯಲ್ಲಿ ಈ ಕೆಲಸ ಹೆಚ್ಚೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಡಿಜಿಟಲ್ ಪಿಯಾನೊಗಳಲ್ಲಿ ಕೀಗಳಡಿಯ ಫೆಲ್ಟ್ ಸವೆದು ಟಕಟಕ ಸದ್ದು ಬರುವುದು, ವಿದ್ಯುತ್ ಸಾಕೆಟ್ಟಿನ ಬೆಸುಗೆ ಬಿರಿಯುವುದು, ಒಳಗೆ ಮರೆತ ಸೆಲ್ಲುಗಳು ಸೋರಿ ಸಂಪರ್ಕಗಳು ತುಕ್ಕು ಹಿಡಿಯುವುದು ಇವೂ ಸಾಮಾನ್ಯ. ಗಮಕಕ್ಕಾಗಿ ಪಿಚ್ ಬೆಂಡ್ ಚಕ್ರವನ್ನು ಸದಾ ತಿರುಗಿಸುವ ಕರ್ನಾಟಕ ಸಂಗೀತದ ವಾದಕರ ವಾದ್ಯಗಳಲ್ಲಿ ಆ ಚಕ್ರದ ಸವೆತವನ್ನೂ ನೋಡಬೇಕಾಗುತ್ತದೆ.

ಅಡಾಪ್ಟರಿನ ವಿಷಯದಲ್ಲಿ ಅಂಗಡಿಯವರು ವಿಶೇಷ ಎಚ್ಚರ ವಹಿಸಬೇಕು. ಕ್ಯಾಸಿಯೊದ ಹಲವು ಹಳೆಯ ಮಾದರಿಗಳು 9 ವೋಲ್ಟಿನವು, ಪ್ಲಗ್ಗಿನ ನಡುಭಾಗ ಋಣ. ಯಮಹಾದ ಅನೇಕ ಮಾದರಿಗಳು 12 ವೋಲ್ಟಿನವು, ನಡುಭಾಗ ಧನ. ಪ್ಲಗ್ ಹೊಂದಿತೆಂದು ಒಂದರ ಅಡಾಪ್ಟರನ್ನು ಇನ್ನೊಂದಕ್ಕೆ ಕೊಟ್ಟರೆ ಅಲ್ಪ ಲಾಭದ ಮಾರಾಟವೊಂದು ಇಡೀ ವಾದ್ಯವನ್ನೇ ಹಾಳುಗೆಡವಬಹುದು.

ಬಳಸುವವರ ಲೆಕ್ಕ

ಸಂಗೀತ ಶಾಲೆಯೊಂದರ ಕಾಲ್ಪನಿಕ ಉದಾಹರಣೆಯನ್ನು ತೆಗೆದುಕೊಳ್ಳೋಣ. 30,000 ರೂಪಾಯಿಗೆ ಕೊಂಡ ಡಿಜಿಟಲ್ ಪಿಯಾನೊ, ಶೇ. 15ರ ಸವಕಳಿ ಕಳೆದು ಮೂರು ವರ್ಷಗಳ ನಂತರವೂ ಪುಸ್ತಕದಲ್ಲಿ ಸುಮಾರು 18,424 ರೂಪಾಯಿಯ ಆಸ್ತಿಯಾಗಿ ಉಳಿದಿರುತ್ತದೆ. 2,500 ರೂಪಾಯಿಯ ದುರಸ್ತಿ ಆ ವರ್ಷದ ವ್ಯವಹಾರ ವೆಚ್ಚ, ಪೂರ್ಣವಾಗಿ ಕಳೆಯಬಹುದು. ಬದಲಾಗಿ 32,000 ರೂಪಾಯಿಗೆ ಹೊಸದನ್ನು ಕೊಂಡರೆ ಮೊದಲ ವರ್ಷ ಸಿಗುವ ಸವಕಳಿ ಹೆಚ್ಚೆಂದರೆ 4,800 ರೂಪಾಯಿ. 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ. ಹಣ ಮಾತ್ರ ಪೂರ್ತಿ ಕೈಬಿಟ್ಟಿರುತ್ತದೆ. ದುರಸ್ತಿ ಅಸಾಧ್ಯವೆಂಬ ಒಂದೇ ಕಾರಣಕ್ಕೆ ಗ್ರಾಹಕನು ಹೊಸದಕ್ಕೆ ಹೋಗುವನಾದರೆ, ಆತ ನಮ್ಮ ಅಂಗಡಿಗೇ ಬರುವನೆಂಬ ಖಾತ್ರಿಯೂ ಇಲ್ಲ.

ಮಾರುವವರ ಲೆಕ್ಕ

ದುರಸ್ತಿಯನ್ನು ಪ್ರತ್ಯೇಕ ವಿಭಾಗವೆಂದು ಪರಿಗಣಿಸುವವರು ಮೂರು ದಾಖಲೆಗಳನ್ನು ಇಡಲೇಬೇಕು. ಮೊದಲನೆಯದು, ವಾದ್ಯ ಸ್ವೀಕರಿಸುವಾಗಲೇ ಮಾದರಿ, ಕ್ರಮಸಂಖ್ಯೆ, ದೋಷ, ಅಂದಾಜು ವೆಚ್ಚ ಬರೆದು ಸಹಿ ಪಡೆಯುವ ಜಾಬ್ ಕಾರ್ಡ್. ಎರಡನೆಯದು, ಬಿಡಿಭಾಗಗಳ ದಾಸ್ತಾನು ಪುಸ್ತಕ. ಹಳೆಯ ವಾದ್ಯಗಳಿಂದ ಬಿಚ್ಚಿದ ಭಾಗಗಳಿಗೂ ಅದರಲ್ಲಿ ಸ್ಥಾನವಿರಲಿ. ಮೂರನೆಯದು, ಭಾಗದ ಬೆಲೆ ಮತ್ತು ಕೂಲಿಯನ್ನು ಬೇರೆ ಬೇರೆ ತೋರಿಸುವ ಬಿಲ್ಲು. ದುರಸ್ತಿಗೆ ಮೂರು ತಿಂಗಳ ಭರವಸೆ ನೀಡುವುದಾದರೆ ಅದರ ಸಂಭಾವ್ಯ ವೆಚ್ಚಕ್ಕೂ ಮೀಸಲು ಇಡಬೇಕು. ಹಿಂದಿನ ಅನುಭವದ ಆಧಾರದಲ್ಲಿ ವಿಶ್ವಾಸಾರ್ಹವಾಗಿ ಅಂದಾಜಿಸಿದ ವಾರಂಟಿ ಮೀಸಲನ್ನು ಆದಾಯದಿಂದ ಕಳೆಯಬಹುದೆಂದು ಸರ್ವೋಚ್ಚ ನ್ಯಾಯಾಲಯವು ರೋಟಾರ್ಕ್ ಕಂಟ್ರೋಲ್ಸ್ ಪ್ರಕರಣದಲ್ಲಿ 2009ರಲ್ಲೇ ತೀರ್ಪಿತ್ತಿದೆ. ಆ ಅನುಭವವನ್ನು ರುಜುವಾತುಪಡಿಸುವುದು ಜಾಬ್ ಕಾರ್ಡೇ.

ಜಿಎಸ್‌ಟಿಯಲ್ಲಿ ಒಂದು ಸೂಕ್ಷ್ಮವಿದೆ. ನೋಂದಣಿಯ 40 ಲಕ್ಷ ರೂಪಾಯಿಯ ಮಿತಿಯು ಸರಕನ್ನಷ್ಟೇ ಮಾರುವವರಿಗೆ ಅನ್ವಯಿಸುತ್ತದೆ. ದುರಸ್ತಿ ಕೂಲಿ ಪಡೆಯತೊಡಗಿದ ಕೂಡಲೇ ಆತನು ಸೇವೆಯನ್ನೂ ಒದಗಿಸಿದಂತಾಗಿ, ಮಿತಿ 20 ಲಕ್ಷಕ್ಕೆ ಇಳಿಯುತ್ತದೆ. ರಾಜಿ ತೆರಿಗೆ ಪದ್ಧತಿಯಲ್ಲಿರುವ ವ್ಯಾಪಾರಿಯು ವಹಿವಾಟಿನ ಶೇ. 10 ಅಥವಾ 5 ಲಕ್ಷ ರೂಪಾಯಿ, ಯಾವುದು ಹೆಚ್ಚೋ ಅಷ್ಟರವರೆಗೆ ಸೇವೆ ಒದಗಿಸಬಹುದು. ವಾರಂಟಿಯಡಿ ಗ್ರಾಹಕನಿಂದ ಏನೂ ಪಡೆಯದೆ ಭಾಗ ಬದಲಿಸಿದರೆ ಆತನ ಮೇಲೆ ತೆರಿಗೆ ಬೀಳದೆಂದು 2023ರ ಜುಲೈ ತಿಂಗಳ ಸುತ್ತೋಲೆ ಸ್ಪಷ್ಟಪಡಿಸಿದೆ. ಆದರೆ ಅದೇ ಕೆಲಸದ ಕೂಲಿಯನ್ನು ತಯಾರಕರಿಂದ ಪಡೆದರೆ ತೆರಿಗೆ ಉಂಟು. ಬಿಲ್ಲಿಲ್ಲದ ದುರಸ್ತಿಯಿಂದ ಈ ಯಾವುದನ್ನೂ ತಪ್ಪಿಸಿಕೊಂಡಂತಾಗದು. ಬಾಕಿ ಮತ್ತು ಬಡ್ಡಿ ಮುಂದಿನ ಪರಿಶೀಲನೆಗೆ ಕಾದಿರುತ್ತವೆ, ಅಷ್ಟೆ.

ಬಿಡಿಭಾಗಗಳ ಬಿಕ್ಕಟ್ಟು

ಇಷ್ಟಾದರೂ ಭಾಗಗಳೇ ಸಿಗದಿದ್ದರೆ ದುರಸ್ತಿಗಾರನ ಕೈ ಕಟ್ಟಿದಂತೆ. ಜಪಾನಿನಲ್ಲಿ ಯಮಹಾ ಸಂಸ್ಥೆಯು ಡಿಜಿಟಲ್ ಪಿಯಾನೊಗಳ ದುರಸ್ತಿ ಭಾಗಗಳನ್ನು ತಯಾರಿಕೆ ನಿಂತ ನಂತರ 8 ವರ್ಷ ಇಡುವುದಾಗಿ ತನ್ನ ಗ್ರಾಹಕರಿಗೆ ತಿಳಿಸುತ್ತದೆ. ಅದೇ ಸಂಸ್ಥೆ 2019ರಿಂದ ಚೆನ್ನೈ ಬಳಿಯ ತನ್ನ ಕಾರ್ಖಾನೆಯಲ್ಲಿ ಕೀಬೋರ್ಡ್‌ಗಳನ್ನು ತಯಾರಿಸುತ್ತಿದೆ. ಇಲ್ಲಿ ತಯಾರಾಗುವ ವಾದ್ಯಕ್ಕೂ ಅಂಥದೇ ಲಿಖಿತ ಭರವಸೆ ಇರಬೇಕೆಂದು ವ್ಯಾಪಾರಿಗಳು ಕೇಳುವುದು ನ್ಯಾಯವಲ್ಲವೇ? ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು ದುರಸ್ತಿಯ ಹಕ್ಕಿನ ಜಾಲತಾಣವನ್ನು 2022ರ ಡಿಸೆಂಬರಿನಲ್ಲಿ ಆರಂಭಿಸಿದಾಗ ಕೃಷಿ ಉಪಕರಣ, ಮೊಬೈಲ್, ಗೃಹಬಳಕೆಯ ಸಾಧನ ಹಾಗೂ ವಾಹನ ಎಂಬ ನಾಲ್ಕು ಕ್ಷೇತ್ರಗಳನ್ನು ಗುರುತಿಸಿತು. ಸಂಗೀತ ವಾದ್ಯಗಳನ್ನು ಪ್ರತ್ಯೇಕವಾಗಿ ಹೆಸರಿಸಿರಲಿಲ್ಲ. ನಮ್ಮ ಸಂಸ್ಥೆಯು ಈ ಬಗ್ಗೆ ಇಲಾಖೆಗೆ ಮನವಿ ಸಲ್ಲಿಸುವುದು ಸೂಕ್ತ.

ಸಣ್ಣ ಕೈಗಾರಿಕೆಗಳಿಗೂ ಇಲ್ಲಿ ಅವಕಾಶವಿದೆ. ಫೆಲ್ಟ್ ಪಟ್ಟಿ, ಗುಂಡಿಗಳ ಟೋಪಿ, ಧೂಳು ತಡೆಯುವ ಹೊದಿಕೆ ಇವುಗಳನ್ನು ತಯಾರಿಸಲು ಮಹಾ ಬಂಡವಾಳ ಬೇಕಿಲ್ಲ. ರಬ್ಬರ್ ಸಂಪರ್ಕ ಪಟ್ಟಿಗೆ ಅಚ್ಚಿನ ವೆಚ್ಚ ಹೆಚ್ಚಾದ್ದರಿಂದ, ಹೆಚ್ಚು ಮಾರಾಟವಾದ ಕೆಲವೇ ಮಾದರಿಗಳನ್ನು ಆರಿಸಿ, ಹಲವು ಅಂಗಡಿಗಳಿಂದ ಒಟ್ಟಾಗಿ ಬೇಡಿಕೆ ಪಡೆದು ಕೈಹಾಕುವುದು ವಿವೇಕ. ಅಂಥ ಬೇಡಿಕೆಯ ಅಂದಾಜು ಯಾರ ಬಳಿಯೂ ಇಲ್ಲದಿರುವುದಕ್ಕೆ ಕಾರಣ, ದುರಸ್ತಿಯನ್ನು ಯಾರೂ ಬರೆದಿಡದಿರುವುದು.

ಆದ್ದರಿಂದ ಸದಸ್ಯ ವ್ಯಾಪಾರಿಗಳಲ್ಲಿ ನನ್ನ ಬಿನ್ನಹವಿಷ್ಟೆ. ಮುಂದಿನ ಒಂದು ವರ್ಷ, ಅಂಗಡಿಗೆ ಬಂದ ಪ್ರತಿ ಕೆಟ್ಟ ವಾದ್ಯದ ಮಾದರಿ, ದೋಷ ಮತ್ತು ಸಿಗದೆ ಹೋದ ಭಾಗವನ್ನು ದಾಖಲಿಸಿರಿ. ಸರ್ಕಾರದ ಮುಂದೆ ವಾದಿಸಲು, ತಯಾರಕರನ್ನು ಪ್ರಶ್ನಿಸಲು, ಅಚ್ಚು ಮಾಡಿಸಲು ಆ ಪುಸ್ತಕವೊಂದೇ ನಮಗೆ ಆಧಾರವಾಗಬಲ್ಲುದು.